ಎಡಗಡೆಯ ಸೀಟಿನ ಮುಕ್ತಾಬಾಯಿ

ಕಪ್ಪು ಕಾಂಟೆಸ್ಸಾ ಕಾರಿನೊಳಗೆ ಮಗುಚಿದರೆ ಜಜ್ಜದಿರಲೆಂದು ಚಾಲಕನ ಸುತ್ತ ಉಕ್ಕಿನ ಪೈಪು ಬೆಸೆದಿದ್ದರು. ಎಡಗಡೆ ಬೆಸೆದಿರಲಿಲ್ಲ. ಪೈಪು ಕ್ಯಾಮೆರಾಕ್ಕೆ ಅಡ್ಡ ಬರುತ್ತಿತ್ತು. ಕಾರು ಪಲ್ಟಿಯಾದಾಗ ಎಡಗಡೆ ಕೂತಿದ್ದ ಜನಾಬಾಯಿಯ ಬೆನ್ನೆಲುಬು ಮುರಿಯಿತು. ಆ ದೃಶ್ಯವನ್ನು ಸಿನಿಮಾ ಕಂಪನಿಯವರು ಚಿತ್ರದಲ್ಲಿ ಉಳಿಸಿಕೊಂಡರು.

ಈಗ ಅದೇ ಕಂಪನಿಯ ಇನ್ನೊಂದು ಚಿತ್ರ ನಡೆದಿದೆ. ಗಡಹಿಂಗ್ಲಜದ ಆಚೆ, ಕಲ್ಲಿನ ಗಣಿಯ ರಸ್ತೆಯಲ್ಲಿ ಬೆಳಕು ಹರಿಯುವ ಹೊತ್ತು. ಇನ್ನೊಂದು ಕಪ್ಪು ಕಾಂಟೆಸ್ಸಾ ಇಬ್ಬನಿಯಲ್ಲಿ ನೆನೆದು ನಿಂತಿದೆ. ಯಾರೂ ಬರುವ ಮೊದಲೇ ಬಂದ ಮುಕ್ತಾಬಾಯಿ ಎಡಬಾಗಿಲು ತೆಗೆದು, ಒಳಗಿನ ಪೈಪಿನುದ್ದಕ್ಕೂ ಕೈಯಾಡಿಸುತ್ತಾಳೆ. ಈ ಸಲ ಎಡಗಡೆಗೂ ಪೈಪು ಬೇಕೆಂದು ಹಟ ಹಿಡಿದು, ಕೊಲ್ಹಾಪುರದ ಗ್ಯಾರೇಜಿನಲ್ಲಿ ತಾನೇ ಎದುರು ನಿಂತು ಬೆಸೆಸಿದ್ದಾಳೆ. ಆಮೇಲೆ ನಾಯಕಿಯ ಕೆಂಪು ಅಂಗಿ ತೊಟ್ಟು, ಟೋಪನ್ ಏರಿಸಿ, ಒಬ್ಬಳೇ ಕಲ್ಲಿನ ಮೇಲೆ ಕೂಡುತ್ತಾಳೆ. ಮಾತಾಡಿಸಿದವರಿಗೆ ಹೇಳುತ್ತಾಳೆ:

"ಗಾಡಿ ಹೊಡಿಯಾಂವ ಕೇದಾರಿ ಅಣ್ಣಾರಿ. ಅಂವನ ಕೈಯಾಗ ಸ್ಟೇರಿಂಗ್ ಐತಿ, ಕಾಲಾಗ ಬ್ರೇಕ್ ಐತಿ. ನನ್ನ ಕೈಯಾಗ ಏನೈತ್ರಿ? ಕೂಡೂದು, ಒದರೂದು. ಒದರಬ್ಯಾಡ, ನಗು ಅಂದ್ರ ನಗೂದು."

ಬೆನ್ನಟ್ಟುವ ಕಾರುಗಳ ಚಿತ್ರದಲ್ಲಿ ನಾಯಕಿ ಕೂತಂತೆ ಕಾಣುವ ಜಾಗದಲ್ಲಿ ಕೂಡುವುದು ಮುಕ್ತಾಬಾಯಿಯ ಕಸುಬು; ಮುಖವನ್ನು ಆಮೇಲೆ ನಾಯಕಿಯದಾಗಿ ಬದಲಿಸುತ್ತಾರೆ. ಕೋವಾಡದ ಕಡೆಯ ಕುರುಬರ ಮಗಳು. ಗಂಡ ಬಿಟ್ಟ ಮೇಲೆ ಇಚಲಕರಂಜಿಯ ಮಗ್ಗದ ಕಾರ್ಖಾನೆಗೆ ಸೇರಿದಳು. ಬಾಜೂ ಮಗ್ಗದ ಜನಾಬಾಯಿ ಇವಳನ್ನು ಸಿನಿಮಾಕ್ಕೆ ಕರೆತಂದಳು. ಇಬ್ಬರದೂ ಒಂದೇ ಖೋಲಿ, ಒಂದೇ ಒಲೆ.

"ಜನಾ ಇದ್ದಾಗ ಭಕ್ರಿ ಬಡಿಯೂ ಸಪ್ಪಳರೆ ಇರ್ತಿತ್ತು. ಒಬ್ಬಾಕಿಗೆ ಏನ್ ಬಡೀತೀರಿ? ಚಾದಾಗ ಪಾವ್ ಅದ್ದಿ ತಿಂದು ಮಲಗತೇನಿ."

ಜನಾಬಾಯಿ ಈಗ ಉದಗಾಂವದಲ್ಲಿ, ಅಣ್ಣನ ಮನೆಯ ಹೊರಸಿನ ಮೇಲಿದ್ದಾಳೆ. ಮುಕ್ತಾಬಾಯಿ ಹೋದರೆ ಆ ಮನೆಯವರು ಬಾಗಿಲು ತೆಗೆಯುವುದಿಲ್ಲ. ಸಿನಿಮಾದವಳು ಎನ್ನುತ್ತಾರೆ. ಕಿಟಕಿಯ ಹೊರಗೆ ನಿಂತು ಮಾತಾಡಿ ಬರುತ್ತಾಳೆ.

ಆ ಹಿಂದಿನ ಚಿತ್ರ ಬಿಡುಗಡೆಯಾದಾಗಲೂ ಒಬ್ಬಳೇ ಟಾಕೀಸಿಗೆ ಹೋಗಿದ್ದಳು. ಒಂದು ದೃಶ್ಯದಲ್ಲಿ ಪರದೆಯ ಮೇಲೆ ಮುಖ ನಾಯಕಿಯದು, ಕಿಟಕಿಯಾಚೆ ಚಾಚಿದ ಮೊಣಕೈ ಇವಳದು.

"ಅದು ನಾನರೀ ಅಂತ ಒದರಿದ್ನಿ. ಬಾಜೂಕ ಕುಂತ ಅಜ್ಜ ಅಂದಾ, ಹೌದವಾ, ನಾನೂ ವಿಲನ್ ಅದೇನಿ, ಸುಮ್ ಕೂಡು."

ನಕ್ಕು, ಟೋಪನ್ನಿನ ಕೂದಲು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾಳೆ.

ನಿರ್ದೇಶಕರಿಗೆ ಹಳೆಯ ಹೊಡೆದಾಟದ ಚಿತ್ರಗಳ ಹುಚ್ಚು. ಕಳ್ಳಸಾಗಣೆಯವರ ಕಾಂಟೆಸ್ಸಾ, ಮಂತ್ರಿಯ ಬಿಳಿ ಅಂಬಾಸಿಡರ್, ಬಡ ನಾಯಕನ ಪದ್ಮಿನಿ ಟ್ಯಾಕ್ಸಿ: ಒಂದೊಂದು ಕಾರೂ ಯಾವುದೋ ಹಳೆಯ ಚಿತ್ರಕ್ಕೆ ಸಲ್ಲಿಸುವ ನಮಸ್ಕಾರವಂತೆ. ತೆಗೆದ ಚಿತ್ರವೂ ಹಳೆಯ ರೀಲಿನಂತೆ ಕಾಣಬೇಕೆಂದು ಕಂಪ್ಯೂಟರಿನಲ್ಲಿ ಕೂತು ಅದರ ಮೇಲೆ ಗೀರು ಎಳೆಯುತ್ತಾರೆ. ಗೀರಿಗೂ ಒಬ್ಬ ಕಲಾವಿದನಿದ್ದಾನೆ, ಅವನ ಹೆಸರು ಚಿತ್ರದ ಕೊನೆಯಲ್ಲಿ ಬರುತ್ತದೆ. ಜನಾಬಾಯಿಯ ಹೆಸರು ಬರಲಿಲ್ಲ.

ಇಂದಿನ ನಮಸ್ಕಾರ ಒಂದು ಹಳೆಯ ಪೋಸ್ಟರಿಗೆ. ಅದರಲ್ಲಿ ಹುಡುಗಿಯೊಬ್ಬಳು ಓಡುವ ಕಾರಿನ ಎಡಕಿಟಕಿಗೆ ಒರಗಿ ನಗುತ್ತಾಳೆ. ಎಲ್ಲರೂ ಬಂದ ಮೇಲೆ ಮುಕ್ತಾಬಾಯಿಯನ್ನು ಕಾರಿನಲ್ಲಿ ಕೂರಿಸಿ ಕ್ಯಾಮೆರಾದಲ್ಲಿ ನೋಡಿದ ನಿರ್ದೇಶಕರಿಗೆ ನಗುವಿನ ಮುಂದೆ ಪೈಪು ಕಾಣುತ್ತದೆ. ಪೋಸ್ಟರಿನಲ್ಲಿ ಪೈಪಿಲ್ಲ. ಮ್ಯಾನೇಜರ್ ಅಭಯ ಅವಳನ್ನು ಇಳಿಸಿ, ಕಬ್ಬಿಣ ಕೊಯ್ಯುವ ಗ್ರೈಂಡರ್ ತರಿಸುತ್ತಾನೆ. ಕಿಡಿ ಹಾರುತ್ತದೆ. ಎಡಗಡೆಯ ಪೈಪು ಎರಡು ತುಂಡಾಗಿ ರಸ್ತೆಗೆ ಬೀಳುತ್ತದೆ.

"ಕೂಡ್ರಿ ಮುಕ್ತಾಬಾಯಿ, ಬಿಸಲ ಏರಾಕತ್ತೈತಿ."

"ಪೈಪ್ ಇಲ್ದ ಕೂಡಂಗಿಲ್ರಿ."

"ನೀವು ಕೂಡದಿದ್ರ ಕೂಡಾವ್ರು ಬೇಕಾದಷ್ಟ್ ಮಂದಿ ಅದಾರ." ಅಭಯ ಗುಂಪಿನತ್ತ ತಿರುಗುತ್ತಾನೆ. "ಏ ರುತುಜಾ, ಬಾ ಇಲ್ಲಿ."

ಹುಪರಿಯಲ್ಲಿ ಬೆಳ್ಳಿ ಕಾಲ್ಗೆಜ್ಜೆಯ ಕೊಂಡಿ ಜೋಡಿಸುವ ರುತುಜಾ ಗುಂಪಿನ ದೃಶ್ಯಕ್ಕೆಂದು ಬಂದವಳು. ಮುಖ ಅರಳಿಸಿ ಮುಕ್ತಾಬಾಯಿಯನ್ನು ಕೇಳುತ್ತಾಳೆ. "ಮೌಶಿ, ನಾ ಕೂಡಲೇನ? ಒಂದ ಶಾಟ್ ಅಲಾ?"

"ಜನಾನೂ ಒಂದ ಶಾಟ್ ಅಂದಿದ್ಲವಾ."

ಅಷ್ಟು ಹೇಳಿ ಮುಕ್ತಾಬಾಯಿ ಕಾರಿನತ್ತ ನಡೆಯುತ್ತಾಳೆ. ಸ್ಟೇರಿಂಗಿನ ಪಕ್ಕ ತೂಗುತ್ತಿದ್ದ ಕೀಲಿ ಕಿತ್ತು, ಮುಷ್ಟಿಯಲ್ಲಿ ಹಿಡಿದು, ಸುತ್ತು ಹಾಕಿ ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟ್ ಬಿಗಿಯುತ್ತಾಳೆ.

ಕೇದಾರಿ ಹತ್ತಿರ ಬರುತ್ತಾನೆ. "ಮುಕ್ತಾ, ಕೀಲಿ ಕೊಡು. ಸಾವಕಾಶ ಹೊಡೀತೇನಿ."

"ಅಣ್ಣಾ, ನಿನ್ನ ಬಾಜೂಕ ಪೈಪ್ ಐತಿ. ನೀ ಮಾತಾಡಬ್ಯಾಡ."

ಅವನು ತಲೆ ತಗ್ಗಿಸಿ ಹಿಂದೆ ಸರಿಯುತ್ತಾನೆ. ಅಭಯ ಕಿಟಕಿಗೆ ಬಾಗಿ ದನಿ ತಗ್ಗಿಸುತ್ತಾನೆ. ಮರಾಠಿಯಲ್ಲಿ ರಮಿಸುತ್ತಾನೆ, ಕನ್ನಡದಲ್ಲಿ ಹೆದರಿಸುತ್ತಾನೆ.

"ಇಳೀರಿ. ಇನ್ನ ಮುಂದ ಯಾವ ಕಂಪನಿನೂ ನಿಮ್ಮನ್ನ ಕರ್ಯಂಗಿಲ್ಲ, ತಿಳೀತಿಲ್ಲೊ?"

"ತಿಳೀತ್ರಿ."

"ಹಂಗಾರ ಇಳೀರಿ. ಆ ಹುಡುಗಿ ಕೂಡತಾಳ."

"ಆಕಿ ಎಲ್ಲಿ ಕೂಡತಾಳ್ರಿ? ಇಲ್ಲಿ ನಾ ಕುಂತೇನಿ. ಪೈಪ್ ಹಚ್ಚಸ್ರಿ. ಅಲ್ಲೀತನಾ ಇಳ್ಯಂಗಿಲ್ಲ."