ಮೂರು ದಿನದ ಸಮುದ್ರ

ನಾನು ಕನ್ನಡ ಕಲಿಸುತ್ತಿದ್ದ ಶಾಲೆಯಲ್ಲಿ ವಿಜ್ಞಾನ ಕಲಿಸುವ ಅಕ್ಕೋರ ಹುಬ್ಬಿನ ಮೇಲೆ ಯಾವಾಗಲೂ ಹತ್ತಿಯ ಒಂದೆರಡು ಎಳೆ ಅಂಟಿಕೊಂಡಿರುತ್ತಿದ್ದವು. ಬನಹಟ್ಟಿಯ ಅವರ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ. ನಸುಕಿನಲ್ಲೆದ್ದು ನೂಲು ಸುತ್ತಿ, ರೊಟ್ಟಿ ಬಡಿದು, ಶಾಲೆಗೆ ಬರುವ ಹೊತ್ತಿಗೆ ಅರ್ಧ ದಿನದ ದುಡಿಮೆ ಮುಗಿದಿರುತ್ತಿತ್ತು. ಮೊದಲ ಗಂಟೆ ಬಾರಿಸುವ ಮುಂಚೆಯೇ ಕುರ್ಚಿಯಲ್ಲಿ ಕುಸಿದು, "ಸಾಕಾತ್ರಿ ಇವತ್ತ" ಅನ್ನುತ್ತಿದ್ದರು.

ಆದರೂ ಬರುವ ದಾರಿಯಲ್ಲಿ ಸೈಬರ್ ಕೆಫೆಗೆ ಹೋಗುವುದನ್ನು ಬಿಟ್ಟವರಲ್ಲ. ಊರಿಗೆ ಇಂಟರ್ನೆಟ್ ಬಂದ ಹೊಸತು. ಬಂಗಾಳ ಕೊಲ್ಲಿಯಲ್ಲಿ ಲಂಗರು ಹಾಕಿ ಬಿಟ್ಟ, ಅಳತೆಯ ಯಂತ್ರ ಹೊತ್ತ ಒಂದು ತೇಲುಬುರುಡೆ ಅಲೆಯ ಎತ್ತರ, ನೀರಿನ ಬಿಸಿ, ಗಾಳಿಯ ವೇಗ ಅಳೆದು ಆಗಿಂದಾಗ ಇಂಟರ್ನೆಟ್ಟಿಗೆ ಕಳಿಸುತ್ತಿತ್ತು. ಆ ಹೊತ್ತಿನ ಅಂಕಿಗಳನ್ನು ಅಕ್ಕೋರು ಚೀಟಿಯಲ್ಲಿ ಬರೆದು ತಂದು ಒಂಬತ್ತನೆಯ ತರಗತಿಯ ಬೋರ್ಡಿಗೆ ಹಾಕುವರು. ಮಕ್ಕಳು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯಬೇಕು. ಸಮುದ್ರ ಕಂಡ ಮಗು ಅಲ್ಲಿ ಒಂದೂ ಇರಲಿಲ್ಲ.

"ಆಲಮಟ್ಟಿ ಹಿನ್ನೀರಷ್ಟ ಇರ್ತೈತೇನ್ರಿ?" ಎಂದು ಒಬ್ಬಳು ಕೇಳಿದಳು.

"ನಾನೂ ನೋಡಿಲ್ಲವ್ವಾ. ಆದ್ರ ಈಗ ಈ ಹೊತ್ತಿನ್ಯಾಗ ಅದು ಏನ್ ಮಾಡಾಕತ್ತೈತಿ ಅನ್ನೂದು ನಮಗ ಗೊತ್ತೈತಿ."

ಪರೀಕ್ಷೆಗೆ ಬರದ ಉಸಾಬರಿ ಯಾಕೆಂದು ಮುಖ್ಯೋಪಾಧ್ಯಾಯರು ಗೊಣಗುತ್ತಿದ್ದರು. ಅವರಿಗೆ ಉತ್ತರ ಕೊಡಲು ಅಕ್ಕೋರಲ್ಲಿ ತ್ರಾಣ ಉಳಿದಿರುತ್ತಿರಲಿಲ್ಲ.

ಒಮ್ಮೆ ಅವರಿಗೆ ಜ್ವರ ಬಂತು. ನನಗೆ, ತಾವು ಬರುವತನಕ ಅಂಕಿ ತಂದು ಹಾಕಿರೆಂದು ಹೇಳಿಕಳಿಸಿದರು. ಮೊದಲ ದಿನ ಕೆಫೆಯಲ್ಲಿ ಕರೆಂಟ್ ಇರಲಿಲ್ಲ. ಹಿಂದಿನ ದಿನದ ಅಂಕಿಯನ್ನೇ ಸ್ವಲ್ಪ ಆಚೆ ಈಚೆ ಮಾಡಿ ಬೋರ್ಡಿಗೆ ಬರೆದೆ. ಯಾರೂ ಏನೂ ಅನ್ನಲಿಲ್ಲ. ಮರುದಿನ ಕರೆಂಟ್ ಇತ್ತು, ನನಗೇ ಹೋಗಲು ಬೇಸರ. ಮೂರನೆಯ ದಿನವೂ ಅಷ್ಟೇ; ಎರಡೂ ದಿನ ಹಾಗೆಯೇ ಬರೆದೆ.

ನಾಲ್ಕನೆಯ ದಿನ ಅಕ್ಕೋರು ಬಂದರು. ಕೈಯಲ್ಲಿ ಕೆಫೆಯಿಂದ ಬರೆದು ತಂದ ಆ ಮೂರೂ ದಿನದ ಅಂಕಿಯ ಚೀಟಿ. ವರಾಂಡದ ಕಂಬಕ್ಕೆ ಒರಗಿ ನಿಂತು ಕೇಳಿದರು, "ಬೋರ್ಡಿಗೆ ಬರದ ಅಂಕಿ ಎಲ್ಲಿಂದ ತಂದ್ರಿ ಮಾಸ್ತರ?"

"ಕರೆಂಟ್ ಇರಲಿಲ್ರಿ. ಅಂದಾಜಿಲೆ ಬರದೆ." ಎರಡು ದಿನ ಕರೆಂಟ್ ಇತ್ತೆಂದು ಹೇಳಲು ಬಾಯಿ ಬರಲಿಲ್ಲ.

"ಅಲ್ಲಿ ತುಫಾನ ಎದ್ದಿತ್ರಿ. ಸಮುದ್ರದ ಅಲಿ ಮೂರು ಪಟ್ಟು ಏರಿದ್ವು. ಈ ಮಕ್ಕಳ ಜೋಡಿ ಇಂಥಾದ್ದೊಂದು ನೋಡಬೇಕಂತ ಕಾಯ್ಕೋತ ಕುಂತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. "ಖಾಲಿ ಬಿಡಬೇಕಿತ್ರಿ. ಖಾಲಿ ಬಿಟ್ಟಿದ್ರ ಸುಳ್ಳಾಗ್ತಿದ್ದಿಲ್ಲ."

ತರಗತಿಗೆ ಹೋಗಿ ಮಕ್ಕಳಿಗೆ ಹೇಳಿದರು, "ಹಿಂದಿನ ಮೂರು ಚುಕ್ಕಿ ಅಳಸ್ರಿ. ತಪ್ಪು ನಂದು. ಹೆಂಗ ತರಬೇಕಂತ ಮಾಸ್ತರಿಗೆ ನಾ ಸರಿಯಾಗಿ ಹೇಳಿ ಕೊಟ್ಟಿರಲಿಲ್ಲ." ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಿ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ರಬ್ಬರು ಉಜ್ಜುವ ಸದ್ದು ಕೇಳಿ ಸ್ಟಾಫ್ ರೂಮಿಗೆ ಮರಳಿದೆ.

ಮುಂದೆ ಅಕ್ಕೋರಿಗೆ ದಮ್ಮು ಹತ್ತಿತು. ಮೆಟ್ಟಿಲು ಹತ್ತಿದರೆ ಮಾತು ನಿಲ್ಲುತ್ತಿತ್ತು. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ತೀರಿಕೊಂಡರು.

ಆ ದಿನ ಅವರ ಮನೆಯಂಗಳದಲ್ಲಿ ಆ ಒಂಬತ್ತನೆಯ ತರಗತಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಈಗ ಲೋಕಾಪುರದಲ್ಲಿ ಶಿಕ್ಷಕಿ. ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ: ತಪ್ಪು ಅಕ್ಕೋರದ್ದಲ್ಲ, ಆ ಅಂಕಿಗಳನ್ನು ನಾನೇ ಹುಟ್ಟಿಸಿ ಬರೆದಿದ್ದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮಗ ಆವಾಗ ಗೊತ್ತಿತ್ರಿ ಸರ್. ಮನ್ಯಾಗ ಟೀವಿಯೊಳಗ ತುಫಾನ ತೋರಸಾಕತ್ತಿದ್ರು. ಆದ್ರ ಬೋರ್ಡಿನ ಮ್ಯಾಲೆ ನೀವು ಬರದಿದ್ರಲ್ಲ, ಅದಕ್ಕ ಗೆರಿ ಸಪಾಟ ಎಳದ್ವಿ."

ಒಳಗೆ ಅಕ್ಕೋರ ದೇಹವನ್ನು ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಹೋಗಿ ಮುಖ ನೋಡಿ ಬರಬೇಕಿತ್ತು. ಬಹಳ ಹೊತ್ತು ನನ್ನಿಂದ ಹೋಗಲಾಗಲಿಲ್ಲ.