ಬಣವಿ ಹಿಂದಿನ ಗಾಳಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಲಬುರ್ಗಾ ಕಡೆಯ ಹಳ್ಳಿಯಲ್ಲಿ ನಮ್ಮ ಸೋದರತ್ತೆ ಕಡಲೆ ತೂರುವ ಜಾಗ ಬದಲಿಸಿದವನು ನಾನು. ಕಾರಣ ವಿಜ್ಞಾನವಲ್ಲ, ಬಿಸಿಲು.

ಕೊಪ್ಪಳದಲ್ಲಿ ಬಿಎಸ್ಸಿ ಓದುತ್ತಿದ್ದೆ. ಓದಿದ್ದಕ್ಕಿಂತ ಮೇಷ್ಟ್ರ ದನಿ ಅಣಕಿಸಿದ್ದೇ ಹೆಚ್ಚು. ಅತ್ತೆಯ ದನಿ ತೆಗೆದರಂತೂ ಅವಳ ಎಮ್ಮೆಯೇ ಮೋಸಹೋಗಿ ಎದ್ದು ನಿಲ್ಲುತ್ತಿತ್ತು. ಆ ದಿನ ಓಣಿಯ ಟ್ರ್ಯಾಕ್ಟರ್ ನಾಲ್ಕಕ್ಕೆ ಕುಷ್ಟಗಿ ಗಂಜಿಗೆ, ಕಾಳಿನ ಮಾರುಕಟ್ಟೆಗೆ, ಹೊರಡುವುದಿತ್ತು. ಹೊಟ್ಟು ಕಂಡರೆ ಗಂಜಿನಲ್ಲಿ ಚೀಲ ವಾಪಸ್. ಅತ್ತೆ ಬೆಳಿಗ್ಗೆಯಿಂದ ತೂರಿ ಅರ್ಧ ಮುಗಿಸಿ ಊಟಕ್ಕೆ ಹೋದಳು. ನಾನು ಉಳಿದ ರಾಶಿಯನ್ನು ಪುಟ್ಟಿ ಪುಟ್ಟಿ ಹೊತ್ತು ಜೋಳದ ಕಣಿಕೆಯ ಬಣವೆಯ ಹಿಂದಿನ ನೆರಳಿಗೆ ಸುರಿದೆ. ನೆರಳಿನಲ್ಲಿ ಆರಾಮಾಗಿ ನಿಲ್ಲುವುದಕ್ಕಾಗಿ ಬಿಸಿಲಿನಲ್ಲಿ ಒಂದು ತಾಸು ಹೊತ್ತೆ. ಬುದ್ಧಿ ಅಷ್ಟು.

"ಯಾವ ಶ್ಯಾಣ್ಯಾ ಮಾಡ್ಯಾನ ಇದನ್ನ?" ಅತ್ತೆ ಬಂದವಳೇ ಸೊಂಟಕ್ಕೆ ಕೈಯಿಟ್ಟಳು.

"ಗಾಳಿ ಐತಲ್ರೀ ಅತ್ತಿ! ನೋಡ್ರಿ, ಗುಡ್ಡದ ಮ್ಯಾಲೆ ಗಾಳಿ ಕರೆಂಟಿನ ಫ್ಯಾನು ಹೆಂಗ ತಿರಗಾಕತ್ಯಾವ."

"ತೂರು ಹಂಗಾರ. ನೋಡೂಣು."

ಸ್ಟೂಲು ಹತ್ತಿ ಮೊರ ಎತ್ತಿ ಸುರಿದೆ. ಹೊಟ್ಟು ಮುಂದೆ ಹೋಯಿತು, ಏನೋ ಮರೆತಂತೆ ತಿರುಗಿತು, ಬುಗುರಿಯಾಡಿ ಮತ್ತೆ ರಾಶಿಯ ಮೇಲೇ ಕೂತಿತು. ಸ್ವಲ್ಪ ನನ್ನ ಬಾಯಿಗೆ, ಸ್ವಲ್ಪ ಅತ್ತೆಯ ತುರುಬಿಗೆ. ಅವಳು ಖಾಲಿ ಪುಟ್ಟಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

ಮತ್ತೆ ಎಲ್ಲವನ್ನೂ ಬಯಲಿಗೆ ಹೊತ್ತು ತರುವಷ್ಟರಲ್ಲಿ ಗಾಳಿಯೇ ಬಿತ್ತು. ಗುಡ್ಡದ ಫ್ಯಾನುಗಳು ಕೈ ಎತ್ತಿ ನಿಂತವು. ಟ್ರ್ಯಾಕ್ಟರ್ ಬರಲು ಇನ್ನೊಂದು ತಾಸು. ಒಂದು ಚೀಲದಷ್ಟು ಕಡಲೆ ಹೊಟ್ಟಿನ ಜೊತೆಗೇ ಬಿದ್ದಿತ್ತು. ಗಾಳಿಯಿಲ್ಲದೆ ತೂರುವಂತಿಲ್ಲ. ಕೂತು ಮೊರದಲ್ಲಿ ಹಾರಿಸಿ ಹಾರಿಸಿ ಕೇರಬೇಕು, ರಟ್ಟೆ ಬೀಳುವ ತನಕ.

ಮಾನ ಉಳಿಸಿಕೊಳ್ಳಲು ಮೇಷ್ಟ್ರಾದೆ. ಇಲ್ಲದ ಕನ್ನಡಕ ಮೂಗಿಗೇರಿಸಿ, ಮೂಗಿನಲ್ಲೇ ಶುರು ಮಾಡಿದೆ: "ನೋಡ್ರೀ ಮಕ್ಕಳಾ, ಬಣವಿ ಹಿಂದ ಗಾಳಿ ಶಕ್ತಿ ಎಲ್ಲೂ ಓಡಿ ಹೋಗಿದ್ದಿಲ್ಲ. ಬಣವಿಗೆ ಬಡದು ದೊಡ್ಡ ಸುಳಿ ಆತು. ದೊಡ್ಡ ಸುಳಿ ಒಡದು ತನ್ನ ಶಕ್ತಿ ಸಣ್ಣ ಸುಳಿಗೆ ಕೊಟ್ಟಿತು. ಸಣ್ಣದು ಇನ್ನೂ ಸಣ್ಣದಕ್ಕ. ಹಂಗ ಚೂರುಚೂರಾಗಿ ಕಡೀಕ ಕಾವು ಆಗಿ ಮುಗೀತು. ಮೋಡದಿಂದ ಹಿಡಿದು ಮೂಗಿನ ಉಸಿರಿನ ತನಕ ಇದ ಕಾಯ್ದೆ!"

ಅತ್ತೆ ತುರುಬಿನ ಹೊಟ್ಟು ಹೆಕ್ಕುತ್ತ ಕೇಳಿದಳು: "ಅಂದ್ರ, ದೊಡ್ಡದರ ಕೈಯಾಂದು ಸಣ್ಣದರ ಕೈಗೆ ಬರತೈತಿ?"

"ಹೌದ್ರೀ ಅತ್ತಿ! ನೀವು ಕಾಲೇಜಿಗೆ ಬರಬೇಕಾಗಿತ್ತು!"

ಅವಳು ಮೊರವನ್ನು ನನ್ನ ತೊಡೆಯ ಮೇಲಿಟ್ಟು, ನೆರಳಿಗೆ ಹೋಗಿ ಕಾಲು ಚಾಚಿದಳು.

"ಮುಂಜಾನಿಂದ ದೊಡ್ಡಾಕಿ ತೂರ್ಯಾಳ. ಈಗ ಸಣ್ಣಾಂವ ಕೇರ್ಲಿ."