ಬಾವಿಕಟ್ಟೆಯ ಹತ್ತಿರದ ಗಿಡ

ಮೊನ್ನೆ ಕುಮಟೆಯ ನಮ್ಮ ಮನೆಯ ಬಾವಿಕಟ್ಟೆಯ ಹತ್ತಿರ ಕಳೆ ಕೀಳುತ್ತಿದ್ದಾಗ ಒಂದು ಗಿಡ ಅಂಗೈಯಲ್ಲಿ ಜಜ್ಜಿಹೋಯಿತು. ಹಸಿ ಅರಿಶಿನದಂಥ, ಅದಕ್ಕಿಂತ ತುಸು ಕಹಿಯಾದ ವಾಸನೆ. ಕೈ ತೊಳೆಯಲು ಮನಸ್ಸಾಗಲಿಲ್ಲ. ಹೆಬಳೆಯ ದೊಡ್ಡಮ್ಮನ ಕೈಗೆ ಇದೇ ವಾಸನೆ ಇರುತ್ತಿತ್ತು...

ದೊಡ್ಡಮ್ಮ ಎಂದರೆ ಸಂಬಂಧದವರಲ್ಲ, ಹೆಬಳೆಯಲ್ಲಿ ನನ್ನ ತವರಿನ ಬೇಲಿಯಾಚೆಯ ಮನೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಮನೆಯ ಸುತ್ತಲಿನ ಮರಳು ನೆಲದಲ್ಲೇ ಬದುಕು ಮಾಡಿದರು. ಬಚ್ಚಲ ನೀರು ಬಸಳೆ ಬುಡಕ್ಕೆ, ಒಲೆಯ ಬೂದಿ ತೊಂಡೆ ಚಪ್ಪರಕ್ಕೆ, ತೆಂಗಿನಗುಂಡಿ ಬಂದರಿನಿಂದ ಹೊತ್ತು ತಂದ ಹಾಳು ಮೀನು ತೆಂಗಿಗೆ. ಪೇಟೆಯಿಂದ ಉಪ್ಪು, ಸೀಮೆಎಣ್ಣೆ ಬಂದರೆ ಮುಗಿಯಿತು. ಉಳಿದ ಜಾಗದಲ್ಲೆಲ್ಲ ಮದ್ದಿನ ಗಿಡ.

ನಮ್ಮ ಕಡೆ ಮದ್ದು ಕೊಡುವವರು ಗಿಡದ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಮದ್ದು ತಾಗುವುದಿಲ್ಲ ಎಂಬ ನಂಬಿಕೆ. ದೊಡ್ಡಮ್ಮ ಮಾತ್ರ ಕೇರಿಯ ಹೆಣ್ಣುಮಕ್ಕಳನ್ನೆಲ್ಲ ಕರೆದು, ಹಿತ್ತಿಲು ಸುತ್ತಿಸಿ, ಎಲೆ ಜಜ್ಜಿ ಅಂಗೈಗೆ ಉಜ್ಜಿ, ಹೆಸರು ಹೇಳಿಸುತ್ತಿದ್ದರು. ಅವರಲ್ಲಿ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ. ಹಾಗೆಂದು ಅಲ್ಲಿ ನನಗೆ ಮುಂದಿನ ಸಾಲೇನೂ ಇರಲಿಲ್ಲ.

ನನ್ನ ಅಜ್ಜಿಗೆ ಇದು ಸರಿಬರುತ್ತಿರಲಿಲ್ಲ. ಬೇಲಿಯ ಮೇಲಿಂದಲೇ ಚುಚ್ಚುತ್ತಿದ್ದಳು: "ಎಂತ ಮಾರಾಯ್ತಿ, ಹಿತ್ಲಲ್ಲೇ ಸಾಲೆ ತೆಗ್ದ್ಯಾ? ನಿನ್ನ ಅತ್ತೆ ಸಾಯೂವರಿಗೂ ಬಾಯಿ ಬಿಡ್ಲಿಲ್ಲ."

"ಅದ್ಕೇ ಅರ್ಧ ಮದ್ದು ಅವ್ರ ಸಂಗ್ತಿಗೇ ಸುಟ್ಟೋತು," ದೊಡ್ಡಮ್ಮ ನಗುತ್ತಿದ್ದರು. "ನಂದು ಹಾಂಗೆ ಸುಡೂದು ಬ್ಯಾಡ."

ದೊಡ್ಡಮ್ಮ ಮಗಳನ್ನು ಹೊಳೆಯಾಚೆಯ ಕರ್ಕಿ ಊರಿಗೆ ಕೊಟ್ಟರು. ನಾನು ಕುಮಟೆಯಲ್ಲಿ ಕಾಲೇಜು ಸೇರಿದ ವರ್ಷ, ಬಸುರಿಯಾಗಿದ್ದ ಆ ಮಗಳಿಗೆ ಕಾಮಾಲೆ ಆಯಿತು. ಕಾಮಾಲೆಗೆ ಊರೆಲ್ಲ ಬರುತ್ತಿದ್ದುದು ದೊಡ್ಡಮ್ಮನ ಹತ್ತಿರವೇ. ನೆಲನೆಲ್ಲಿಯನ್ನು ಬೇರುಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಲಾಂಚಿನಲ್ಲಿ ಶರಾವತಿ ದಾಟಿ ಓಡಿದರು. ಮದ್ದು ತಾಗಲಿಲ್ಲ. ಹೊನ್ನಾವರದಿಂದ ಡಾಕ್ಟರೂ ಬಂದು ನೋಡಿದರು... ಮಗಳೂ ಉಳಿಯಲಿಲ್ಲ, ಹೊಟ್ಟೆಯ ಕೂಸೂ ಉಳಿಯಲಿಲ್ಲ.

ಹೆಸರು ಹೇಳಿದ್ದಕ್ಕೇ ಕೈಗುಣ ಹೋಯಿತು ಎಂದು ಊರು ಆಡಿಕೊಂಡಿತು. ಊರಿನ ಮಾತು ಹಾಳಾಗಲಿ, ದೊಡ್ಡಮ್ಮನೂ ಅದನ್ನೇ ನಂಬಿದರು. ಅದನ್ನು ಮಾತ್ರ ನನಗೆ ಇಂದಿಗೂ ಸಹಿಸಲಾಗುವುದಿಲ್ಲ. ಹಿತ್ತಿಲಿಗೆ ನೀರು ತಪ್ಪಲಿಲ್ಲ. ಹೆಣ್ಣುಮಕ್ಕಳನ್ನು ಕರೆಯುವುದು ನಿಂತಿತು.

ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ಕಷ್ಟಪಟ್ಟು ಓದಿದ್ದು, ಹೇಳಿಕೊಳ್ಳಲು ಸಂಕೋಚವಿಲ್ಲ. ಪಾಸಾದ ಸುದ್ದಿ ಹಿಡಿದು ಮೊದಲು ಹೋದದ್ದು ದೊಡ್ಡಮ್ಮನ ಹಿತ್ತಿಲಿಗೆ. ಅವರ ಬಾವಿಕಟ್ಟೆಯ ಹತ್ತಿರ ಈ ಗಿಡವಿತ್ತು. ಬಾಣಂತಿಯರಿಗೆ ಅರೆದು ಕೊಡುತ್ತಾರೆ ಎಂಬುದಷ್ಟೇ ನನಗೆ ಗೊತ್ತು, ಅದರ ಹೆಸರು ಹೇಳಿಕೊಡುವ ಮೊದಲೇ ಕಲಿಸುವುದು ನಿಂತುಹೋಗಿತ್ತು.

"ಇದ್ರ ಹೆಸ್ರೆಂತ, ದೊಡ್ಡಮ್ಮ?" ಕೇಳಿದೆ. ಹೆಸರು ಹೇಳಿದರೆ ಮದ್ದು ಕೆಡುವುದಿಲ್ಲ ಎಂದು ವಾದವನ್ನೂ ಮಾಡಿದೆ.

ಅವರು ಮೊದಲಿನಂತೆಯೇ ಒಂದು ಎಲೆ ಜಜ್ಜಿ ನನ್ನ ಅಂಗೈಗೆ ಉಜ್ಜಿದರು.

"ಬ್ಯಾಡ ಮಗಾ. ನಾಳೆ ನಿಂಗೂ ಬಾಣಂತನ ಬತ್ತದೆ. ಆವಾಗ ಮದ್ದು ತಾಗ್ಬೇಕಲೆ."

ನನ್ನ ಬಾಣಂತನದ ಹೊತ್ತಿಗೆ ಅವರೇ ಇರಲಿಲ್ಲ...

ಮೊನ್ನೆ ಕಳೆಯೆಂದು ಕಿತ್ತ ಆ ಗಿಡವನ್ನು ಅಲ್ಲೇ ಮತ್ತೆ ನೆಟ್ಟು ನೀರು ಹಾಕಿದೆ. ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು. "ಅಜ್ಜಿ, ಇದೆಂತ ಗಿಡ?"

ಎಲೆ ಜಜ್ಜಿ ಅವಳ ಅಂಗೈಗೆ ಉಜ್ಜಿದೆ. ಹೇಳಲು ನನ್ನಲ್ಲಿ ಹೆಸರಿರಲಿಲ್ಲ.